ಜೀನು ಇಳಿಸಿದ ಮೇಲೆ

ನಾಲ್ಕು ವರ್ಷ ಅದರ ಬೆನ್ನ ಮೇಲೆ ಬಿದ್ದದ್ದು
ಹಿಮ, ಒಂದಿಷ್ಟು ಹುಲ್ಲಿನ ಬೀಜ,
ಯಾವಾಗಲೋ ಒಮ್ಮೆ ಒಂದು ಕಾಗೆ.
ಬೇರೇನೂ ಅಲ್ಲ.

ಬತ್ಮಾಕಾನಳ ಕಟ್ಟಳೆ ಅದು.
"ಬೆಟ್ಟ ಹತ್ತುವುದನ್ನು ಕುದುರೆಗೆ ನಾನೇನು ಕಲಿಸಲಿ?
ನನಗೇ ಅದರ ತಾಯಿ ಕಲಿಸಿದ್ದು."
ಹಾಗಾಗಿ ಮರಿಯನ್ನು ಹಿಂಡಿಗೇ ಬಿಟ್ಟಳು:
ಒಂದು ಗಂಡು, ಹದಿಮೂರು ಹೆಣ್ಣು,
ಅವುಗಳ ಕಾಲಡಿ ಅವುಗಳ ಮಕ್ಕಳು.

ಅಲ್ಲಿ ಮೇಷ್ಟ್ರು ಅಂದರೆ ಮುದಿ ಹೆಣ್ಣುಕುದುರೆ.
ಕಿವಿ ಹಿಂದಕ್ಕೆ ಮಡಚಿದರೆ ಅದೊಂದು ವಾಕ್ಯ,
ಕಚ್ಚಿದರೆ ಪೂರ್ಣವಿರಾಮ.
ಯಾವ ಕಲ್ಲು ಅಲುಗುತ್ತದೆ, ಯಾವ ಹಸಿರು ಬರೀ ಜೌಗು,
ಹೊಳೆ ಯಾವ ಹೊತ್ತಿಗೆ ಏರುತ್ತದೆ
(ಮಧ್ಯಾಹ್ನ, ಮೇಲೆ ಹಿಮ ಕರಗಿ)
ಎಲ್ಲ ಅವಳ ಬಾಲದ ಹಿಂದೆ ನಡೆದು ಕಲಿತದ್ದು.

ಹೆಸರು ಕರಾ-ಕಾಶ್ಕಾ.
ಕರಾ ಎಂದರೆ ಅಲ್ಲೂ ಕರಿಯೇ;
ಕಾಶ್ಕಾ, ಹಣೆಯ ಬಿಳಿ ಪಟ್ಟೆ,
ಯಾರೋ ಅವಸರದಲ್ಲಿ ಸುಣ್ಣ ಬಳಿದು
ಅರ್ಧಕ್ಕೇ ಎದ್ದುಹೋದ ಹಾಗೆ.

ಐದನೆಯ ಬೇಸಿಗೆ ಜೀನು.
ಅಲ್ಲಿಂದ ಹದಿನೇಳು ಬೇಸಿಗೆ
ಘಟ್ಟ ದಾಟಿ ಸೊನ್-ಕುಲ್ ಸರೋವರದ ತನಕ
ಪರದೇಶದವರನ್ನು ಹೊತ್ತಿತು:
ಲಗಾಮನ್ನು ಬಸ್ಸಿನ ಕಂಬಿಯಂತೆ ಹಿಡಿದವರು,
ನೆತ್ತಿ ತಲುಪಿ ಕಾರಣ ಹೇಳದೆ ಅತ್ತ ಹೆಂಗಸು,
ಇಡೀ ದಾರಿ ತನ್ನ ಸೊಂಟದ ಆಪರೇಷನ್ ಕತೆಯನ್ನು
ಕುದುರೆಗೇ ಹೇಳುತ್ತ ಬಂದ ದಂತವೈದ್ಯ.
ಯಾರ ಭಾಷೆಯೂ ತಿಳಿಯದು. ಭಾರ ತಿಳಿಯುತ್ತದೆ,
ಹೆದರಿದ ತೊಡೆ ಯಾವುದು, ಸೋತ ತೊಡೆ ಯಾವುದು.

ಹೋದ ಸೆಪ್ಟೆಂಬರಿನಲ್ಲಿ, ಇಳಿಜಾರಿನಲ್ಲಿ,
ಮುಂಗಾಲು ಒಮ್ಮೆ ಎಡವಿತು. ಬೀಳಲಿಲ್ಲ.
ಬತ್ಮಾಕಾನ್ ನೋಡಿದಳು. ಏನೂ ಅನ್ನಲಿಲ್ಲ.

ನವೆಂಬರಿನಲ್ಲಿ ಮಾಂಸದವನು ಬಂದ,
ಟ್ರಕ್ಕಿನ ಎಂಜಿನ್ ಆರಿಸದೆಯೇ ಪಕ್ಕೆಲುಬು ತಟ್ಟಿದ.
ಅಣ್ಣನ ಮಗ ಉರ್ಮಾತ್ ಬೆಲೆಯನ್ನು ಎರಡು ಸಲ ಹೇಳಿದ,
ಎರಡನೆಯ ಸಲ ಮೆಲ್ಲಗೆ.
ತಪ್ಪೇನಿಲ್ಲ. ಚಳಿಗಾಲಕ್ಕೆ ಕುದುರೆ ಕಡಿಯದ ಮನೆ
ಆ ಊರಲ್ಲಿ ಕಡಿಮೆ. ಅವಳೂ ತಿಂದವಳೇ, ತಿನ್ನುವವಳೇ.
"ಇದು ಬೇಡ."
"ಯಾಕೆ?"
"ಇದು ದಾರಿಯ ಲೆಕ್ಕಕ್ಕೆ ಸೇರಿದ್ದು, ಅಡಿಗೆಮನೆಯದ್ದಕ್ಕಲ್ಲ."
ಆ ವರ್ಷ ಹೊಸ ಒಲೆ ಬರಲಿಲ್ಲ.

ಲಾಳದ ಮೊಳೆ ಕಿತ್ತಳು, ಒಂದೊಂದೇ.
ಮುಖದ ಪಟ್ಟಿ ಬಿಚ್ಚಿದಳು.
ಹೋಗು.

ಹಿಂಡು ಆರತಿ ಎತ್ತಿ ಕರೆಯಲಿಲ್ಲ.
ಗಂಡು ಅಟ್ಟಿಸಿಕೊಂಡು ಬಂತು, ಎಳೆಯವು ಒದ್ದವು.
ಮೂರು ದಿನ, ಕಲ್ಲೆಸೆತದ ದೂರದಲ್ಲಿ,
ಬಾಡಿಗೆ ಮನೆ ನೋಡಲು ಬಂದವನ ಹಾಗೆ ನಿಂತಿತ್ತು.
ನಾಲ್ಕನೆಯ ದಿನ ಬೂದು ಬಣ್ಣದ ಹಳೇ ಹೆಣ್ಣೊಂದು,
ಅದೇ ವರ್ಷ ಅದೇ ಇಳಿಜಾರಿನಲ್ಲಿ ಹುಟ್ಟಿದ್ದು,
ಬಂದು, ಜೀನು ತಿಕ್ಕಿ ರೋಮ ಬೆಳ್ಳಗಾದ ಜಾಗವನ್ನೇ
ಹಲ್ಲಿನಿಂದ ಕೆರೆಯತೊಡಗಿತು.
ಹದಿನೇಳು ವರ್ಷದ ತುರಿಕೆ.

ಚಳಿಗಾಲ. ಎಳೆಯವು ಗೊರಸಿನಿಂದ ಹಿಮ ತೋಡುತ್ತವೆ;
ತೋಡಿ ಬಿಟ್ಟ ಗುಳಿಗೆ ಇದು ಆಮೇಲೆ ಬಾಯಿ ಹಾಕುತ್ತದೆ.
ಸವೆದ ಹಲ್ಲು. ಅಗಿದದ್ದರಲ್ಲಿ ಅರ್ಧ ಉಂಡೆಯಾಗಿ ಕೆಳಗೆ.
ಬತ್ಮಾಕಾನ್ ವಾರಕ್ಕೊಮ್ಮೆ ಬೂಸಾ ನೆನೆಸಿ ತರುತ್ತಾಳೆ,
ತಂದದ್ದನ್ನು ಉರ್ಮಾತನಿಗೆ ಹೇಳುವುದಿಲ್ಲ.
ಹಿಮದ ಮೇಲೆ ಅವನ ಬೂಟಿನ ಗುರುತು
ಅವಳಿಗಿಂತ ಮೊದಲೇ ಬಿದ್ದಿರುತ್ತದೆ ಕೆಲವು ಸಲ.

ಜುಲೈ. ಸಾಲಾಗಿ ಕುದುರೆಗಳು ಘಟ್ಟ ಹತ್ತುತ್ತಿವೆ,
ಮುಂದೆ ಉರ್ಮಾತ್, ಹಿಂದೆ ಆರು ಮಂದಿ ಹೊಸಬರು.
ಎಲ್ಲಿಂದಲೋ ಇಳಿದು ಬಂದು ಸಾಲಿನ ಕೊನೆಗೆ ಸೇರಿತು
ಕರಾ-ಕಾಶ್ಕಾ, ಬರಿಬೆನ್ನು.
ಯಾರೂ ಕರೆದಿರಲಿಲ್ಲ. ಓಡಿಸಲೂ ಇಲ್ಲ.
ಕುಂಟುತ್ತಲೇ ನೆತ್ತಿ ಮುಟ್ಟಿ,
ಫೋಟೋಕ್ಕೆಂದು ಎಲ್ಲರೂ ಇಳಿಯುವ ಕಲ್ಲುಗುಪ್ಪೆಯ ಪಕ್ಕ
ನಾಲ್ಕೂ ಕಾಲೂರಿ, ಉಸಿರು ಬಿಗಿಹಿಡಿದು ನಿಂತಿತು:

ಯಾರೋ ಬಲಗಾಲೆತ್ತಿ, ತಡವರಿಸಿ,
ನೆಲ ಮುಟ್ಟುವಷ್ಟು ಹೊತ್ತು.

ಆಮೇಲೆ ಮೈ ಕೊಡವಿ
ಹಿಂಡಿನತ್ತ ನಡೆಯಿತು, ಹುಲ್ಲು ಕಚ್ಚುತ್ತ.