ಉಗುರಿನಷ್ಟು ಹಸಿರು

ನಾಲ್ಕೂವರೆಗೆ ಹಾಲಿನ ವ್ಯಾನು.
ಹಾಸನದ ಮಾಗಿಯಲ್ಲಿ ಆ ಹೊತ್ತಿಗೆ
ಬೀದಿದೀಪಕ್ಕೂ ಮಂಕಿ ಕ್ಯಾಪು ತೊಡಿಸಿದ ಹಾಗೆ ಮಂಜು.
ಕ್ರೇಟು ಇಳಿಸಿದ ಬೆರಳು
ಚಿಲ್ಲರೆ ಎಣಿಸುವಾಗ ನನ್ನದಲ್ಲ.

ಬೂತಿನ ಹಿಂದೆ, ಚರಂಡಿಗೂ ಕಾಂಪೌಂಡಿಗೂ ನಡುವೆ
ನನ್ನ ತೋಟ: ಪೇಂಟಿನ ಡಬ್ಬ ಒಂಬತ್ತು,
ಕಿವಿ ಮುರಿದ ಬಕೆಟ್ಟು ಎರಡು,
ಕರಿಬೇವೊಂದು ನೆಲದಲ್ಲೇ.

ಈ ಸಲದ್ದು ಎಂದಿನ ಚಳಿಯಲ್ಲ.
ಮೂರೇ ರಾತ್ರಿಗೆ ತುಳಸಿ ಕಪ್ಪಾಯಿತು,
ಬದನೆ ಸಸಿ ಬೆಂದ ಸೊಪ್ಪಿನಂತೆ ಜೋತುಬಿತ್ತು.
ಚಳಿಯೂ ಬೇಯಿಸುತ್ತದೆಂದು
ಆವತ್ತೇ ಗೊತ್ತಾದದ್ದು ನನಗೆ.
ಕರಿಬೇವು ಎಲೆಯೆಲ್ಲ ಕೊಡವಿ
ಬಟ್ಟೆ ಹರಿದ ಛತ್ರಿಯ ಕಡ್ಡಿಯಾಗಿ ನಿಂತಿತು.
ಸೇವಂತಿಗೆ ಮಾತ್ರ, ನಾಚಿಕೆಯಿಲ್ಲದ್ದು,
ಇದು ನನ್ನ ಕಾಲ ಅಂತ ಅರಳಿಕೊಂಡು ಕೂತಿತ್ತು.

ಖಮರುನ್ನೀಸಾ ಬಂದರು, ಅರ್ಧ ಲೀಟರಿಗೆ.
ಸರ್ಕಾರಿ ನರ್ಸರಿಯಲ್ಲಿ
ಇಪ್ಪತ್ತೊಂಬತ್ತು ವರ್ಷ ದಿನಗೂಲಿ ಮಾಡಿದವರು.
ಪೇಪರು ಏಳು ಡಿಗ್ರಿ ಅನ್ನುವ ಮೊದಲೇ
ಅವರ ಮೊಣಕಾಲಿಗೆ ಗೊತ್ತಿರುತ್ತದೆ.
ನನ್ನ ಕೈಯ ಕತ್ತರಿ ನೋಡಿ
"ಇಡು ಅದನ್ನ" ಅಂದರು.
"ಸತ್ತಿರೋದು ಮೇಲಿಂದು. ಇರಲಿ ಬಿಡು ಅಲ್ಲೇ,
ಕೆಳಗಿಂದಕ್ಕೆ ಅದೇ ಈಗ ಕಂಬಳಿ.
ಶಿವರಾತ್ರಿ ಕಳೀಲಿ, ಆಮೇಲೆ ಕತ್ತರಿಸು."

ಸಂಜೆ ನೀರು ಬೇಡ, ಬಿಸಿಲೇರಿದ ಮೇಲೆ ಹಾಕು.
ಬುಡಕ್ಕೆ ರಾಗಿಹುಲ್ಲು. ಎಲೆಗೆ ತಾಗದ ಹಾಗೆ ಗೋಣಿ.
ಗೊಬ್ಬರ ಸುರಿದು ಎಬ್ಬಿಸಬೇಡ, ಮಲಗಲಿ.
ಹೇಳುತ್ತಲೇ ಬಗ್ಗಿ
ಹೆಬ್ಬೆರಳ ಉಗುರಿನಿಂದ ಕರಿಬೇವಿನ ಕಡ್ಡಿ ಕೆರೆದರು.
ತುದಿಯಲ್ಲಿ ಕಂದು.
ಗೇಣು ಕೆಳಗೂ ಕಂದು.
ಇನ್ನೂ ಕೆಳಗೆ ಕೆರೆದರು, ಸೊಂಟ ಹಿಡಿದುಕೊಂಡು,
ಮಣ್ಣು ಇನ್ನೇನು ಸಿಗಬೇಕು ಅನ್ನುವಲ್ಲಿ
ಉಗುರಿನಷ್ಟೇ ಅಗಲ, ಹಸಿರು.
ಒದ್ದೆ. ಮೂಗಿಟ್ಟರೆ ವಾಸನೆ ಕೂಡ,
ಒಗ್ಗರಣೆಗೆ ಇನ್ನೂ ಬೀಳದ್ದು.

ಅವರೇನೂ ಹೇಳಲಿಲ್ಲ.
ಹಾಲು ಸೆರಗಿಗೆ ಸೇರಿಸಿಕೊಂಡು
ಎರಡು ರೂಪಾಯಿ ನಾಳೆ ಅಂತ ಹೋದರು.

ರಾತ್ರಿ ಖಾಲಿ ಕ್ರೇಟುಗಳನ್ನು ಬೋರಲು ಹಾಕಿದೆ,
ಮೇಲೆ ಗೋಣಿ, ಗೋಣಿಯ ಮೇಲೆ ಕಲ್ಲು.
ಉಳಿದೆರಡು ಬದನೆಗೆ
ತೊಳೆದ ಹಾಲಿನ ಕವರೇ ಕುಲಾವಿ.
ಬೀಟಿನ ಪೊಲೀಸು ಬೈಕು ನಿಲ್ಲಿಸಿ ಟಾರ್ಚು ಬಿಟ್ಟ:
"ಯಾರಮ್ಮ ಅಲ್ಲಿ ಮಲಗಿರೋರು?"
"ನಮ್ಮೋರೇ" ಅಂದೆ.

ನಾಲ್ಕೂವರೆಗೆ ಮತ್ತೆ ವ್ಯಾನು.
ಡ್ರೈವರ್ ಬಸವಲಿಂಗ ಎಣಿಸಿದ, ಮತ್ತೊಮ್ಮೆ ಎಣಿಸಿದ,
ಬಾಯಿಂದ ಹೊಗೆಯಂತೆ ಉಸಿರು ಬಿಡುತ್ತ
ಮೂರು ಕ್ರೇಟು ಕಮ್ಮಿ ಅಂದ.

ಶಿವರಾತ್ರಿ ಕಳೀಲಿ ತಡಿಯಪ್ಪ, ಅಂದೆ.