ಆಯ್ತದೆ ಬುಡು

ತಿಥಿ ಮುಗಿದ ಮಾರನೆ ದಿನ ಟ್ರಂಕು ತೆರೆದೆವು.
ಬೀಗ ಇರಲಿಲ್ಲ. ಚಿಲಕಕ್ಕೆ ಒಂದು ಹೇರ್‌ಪಿನ್ನು.
ಕಳ್ಳ ಬಂದರೆ ಬರಲಿ, ಪಾಪ,
ಎಷ್ಟು ದೂರದಿಂದ ನಡೆದಿರ್ತಾನೋ ಅನ್ನುತ್ತಿದ್ದ ಹೆಂಗಸು.

ಮೇಲೆ ಎರಡು ಸೀರೆ. ಅದರಡಿ ಚನ್ನಪಟ್ಟಣದ ಮರದ ಗಿಣಿ,
ಒಂದು ರೆಕ್ಕೆಯ ಹಸಿರು ಹೋಗಿದೆ.
ಇದರ ಕತೆ ಮನೆಯಲ್ಲಿ ಎಲ್ಲರಿಗೂ ಗೊತ್ತು, ಆದರೂ ಹೇಳುತ್ತೇನೆ:
ಯಲಿಯೂರು ಸ್ಟೇಷನ್ನಿನಲ್ಲಿ ಮೈಸೂರಿಗೆಂದು ಹತ್ತಿದ್ದು
ಬೆಂಗಳೂರು ಕಡೆಯ ಗಾಡಿ.
ಮದ್ದೂರಿನ ವಡೆಯವನ ಕೂಗು ಕೇಳಿದಾಗಲೇ ಗೊತ್ತಾಯಿತಂತೆ.
"ಅಲ್ಲೇ ಇಳೀಬಾರ್ದಿತ್ತಾ ಅಜ್ಜಿ?"
"ಗಾಡಿ ತಪ್ಪಾಗಿತ್ತು ಕನ ಮಗ,
ಕಿಟಕಿ ಸರಿಯಾಗೇ ಇತ್ತಲ್ಲ."

ಅದಕ್ಕೂ ಮುಂಚಿನದು, ನಾನು ಕಂಡದ್ದಲ್ಲ.
ನಾಲೆಗೆ ನೀರು ಬಿಟ್ಟ ದಿನ
ಮದುವೆಯಾಗಿ ವರ್ಷ ತುಂಬದ ಸೊಸೆ ಹೊಂಬಾಳಮ್ಮ
ಸೊಂಟಕ್ಕೆ ಎರಡು ಒಣ ಸೋರೆಬುರುಡೆ ಕಟ್ಟಿಕೊಂಡು ಧುಮುಕಿದಳು.
ಏರಿಯ ಮೇಲೆ ಪೊರಕೆ ಹಿಡಿದು ಅತ್ತೆ,
ನೀರಿನ ಜೊತೆ ಸೊಸೆ,
ಇಬ್ಬರೂ ಓಡುತ್ತಾ ಓಡುತ್ತಾ
ಅತ್ತೆಗೆ ದಮ್ಮು ಹತ್ತಿತು, ನೀರಿಗೆ ಹತ್ತಲಿಲ್ಲ.
ಮುಂದಿನ ಊರಿನ ತೂಬಿನಲ್ಲಿ ಯಾರೋ ಜುಟ್ಟು ಹಿಡಿದೆಳೆದರಂತೆ.
ಸಂಜೆ ಕಬ್ಬಿನ ಗಾಡಿಯ ಮೇಲೆ, ಒದ್ದೆ ಸೀರೆಯಲ್ಲೇ,
ಜಲ್ಲೆ ಸಿಗಿಯುತ್ತಾ ಬಂದಿಳಿದು ಹೇಳಿದಳು:
"ಆ ಊರಿಗೂ ನಮ್ ನೀರೇ ಓಯ್ತದೆ ಕನತ್ತೆ. ನೋಡ್ಕೊಂಡು ಬಂದೆ."

ಅರವತ್ತೊಂದಕ್ಕೆ ಮೊಪೆಡ್ಡು. ಕೆಂಪು, ಮೂರನೇ ಕೈಯದು.
ಮುಂದೆ ಹಾಲಿನ ಕ್ಯಾನು, ಹಿಂದೆ
ಕಣ್ಣು ಮುಚ್ಚಿಕೊಂಡ ತಾತ.
ಡೈರಿಯ ಮುಂದಿನ ಇಳಿಜಾರಿನಲ್ಲಿ ಕೋಳಿಗಳು
ಅವಳ ಹಾರ್ನಿಗೆ ಕಾಯದೆ ದಾರಿ ಬಿಡುತ್ತಿದ್ದವು.

ಅಮ್ಮ ಗಿಣಿಯ ಧೂಳು ಒರೆಸುತ್ತಾ ಅನ್ನುತ್ತಾಳೆ:
"ಊರೂರು ತಿರುಗಿದ್ದು ಅವರು,
ಮುದ್ದೆ ತಿರುವಿದ್ದು ನಾನು."
ಅದೂ ನಿಜ. ಬರೆದಿಡಬೇಕು.

ಇದನ್ನೂ ಬರೆದಿಡಬೇಕು: ತಾತನ ವಿಷಯದಲ್ಲಿ ಅವಳ ಮಾತು ಸುಳ್ಳಾಯಿತು.
ಮೈಸೂರಿನ ದೊಡ್ಡಾಸ್ಪತ್ರೆಯ ವರಾಂಡದಲ್ಲಿ
ನಲವತ್ತು ದಿನ, ದಿನಕ್ಕೆ ನಲವತ್ತು ಸಲ
ಅವನ ಪಾದ ತಿಕ್ಕುತ್ತಾ "ಆಯ್ತದೆ ಬುಡು, ಆಯ್ತದೆ ಬುಡು."
ಆಗಲಿಲ್ಲ.
ಮಣ್ಣು ಮಾಡಿ ಬಂದ ರಾತ್ರಿ ಮೊಪೆಡ್ಡು ಕೆಮ್ಮಿದ್ದು ಕೇಳಿ ಎದ್ದೆ.
ಅವಳು ಹೋಗಿದ್ದಳು. ನಾಲೆಯ ಕಡೆಗೇ ದೀಪ.
ಯಾರನ್ನೂ ಎಬ್ಬಿಸದೆ ಜಗಲಿಯಲ್ಲಿ ಕೂತೆ,
ಕಾಲು ತಣ್ಣಗಾಗುವವರೆಗೂ ಕೂತೆ.
ಕೋಳಿ ಕೂಗುವ ಹೊತ್ತಿಗೆ ಬಂದಳು,
ತಾತನ ಜಾಗದಲ್ಲಿ ಒಂದು ಹೊರೆ ಹಸಿ ಹುಲ್ಲು.
"ಹಸಕ್ಕೇನು ಗೊತ್ತು ಮಗ, ಅದಕ್ಕೂ ಹೊಟ್ಟೆ ಇಲ್ವಾ."
ಹುಲ್ಲಿಳಿಸುವಾಗ ಕಂಡೆ,
ಸೀರೆ ಮೊಣಕಾಲಿನವರೆಗೂ ಒದ್ದೆ. ಕೇಳಲಿಲ್ಲ.

ಟ್ರಂಕಿನ ತಳದಲ್ಲಿ ಲಾಟರಿ ಟಿಕೇಟು,
ಬಾಳೆನಾರಿನಲ್ಲಿ ಕಟ್ಟಿದ ಕಂತೆ ಕಂತೆ.
ಮಂಡ್ಯದ ಬಸ್‌ಸ್ಟ್ಯಾಂಡಿನಲ್ಲಿ ವಾರಕ್ಕೊಂದು ಕೊಂಡಿದ್ದು,
ಒಂದಕ್ಕೂ ಹತ್ತು ರೂಪಾಯಿ ಸಹ ಹೊಡೆದಿಲ್ಲ.
ಸೋತ ಟಿಕೇಟು ಎಸೆಯುವುದೇಕೆಂದು
ರಾತ್ರಿ ಶಾಲೆಯ ಅಕ್ಷರ ತಿದ್ದಿದ್ದಾಳೆ ಅದರ ಬೆನ್ನ ಮೇಲೆ:
ಹೊಂಬಾಳಮ್ಮ ಹೊಂಬಾಳಮ್ಮ ಹೊಂಬಾ
ಳ ಮಾತ್ರ ಕೈಗೆ ಸಿಗದೆ
ಸುತ್ತಿ ಸುತ್ತಿ ಟಿಕೇಟಿನ ಅಂಚು ದಾಟಿ ಓಡಿದೆ.

ಕಟ್ಟಿನ ಕೊನೆಯದರ ಬೆನ್ನು ಮಾತ್ರ ಖಾಲಿ.
ತಾರೀಖು ನೋಡಿದೆ: ಸರ್ಕಾರ ಲಾಟರಿ ನಿಲ್ಲಿಸಿದ ವಾರದ್ದು.
ಡ್ರಾ ಆಗಲೇ ಇಲ್ಲ.
ಇಷ್ಟು ವರ್ಷ ಇಟ್ಟುಕೊಂಡಿದ್ದಳು, ಒಂದು ಅಕ್ಷರವನ್ನೂ ಬರೆಯದೆ.

"ಒಲೆಗೆ ಹಾಕು" ಅಂದಳು ಅಮ್ಮ.
ಮಿಕ್ಕವನ್ನು ಹಾಕಿದೆ, ನೀರು ಕಾಯಿತು.
ಇದು ಮೊಬೈಲಿನ ಕವರಿನ ಹಿಂದಿದೆ.
ಇನ್ನೂ ಸೋತಿಲ್ಲವಲ್ಲ.