ಅರವತ್ತೆರಡು ಗ್ರಾಂ

ಹಾಲಿನ ಬಾಟಲಿಯನ್ನು ಕಿಟಕಿಯ ಹೊರಗಿಟ್ಟರೆ ಸಾಕು,
ಬೆಳಗಿಗೆ ಹಲ್ಲು ಜುಮ್ಮೆನ್ನುವಷ್ಟು ತಂಪು.
ಇಂಥ ಊರಿಗೆ, ಫೆಬ್ರವರಿಯ ವಾಲ್ಸಾಲಿಗೆ,
ತಂಪು ಮಾಡುವುದನ್ನು ಕಲಿಯಲು ಬಂದಿದ್ದೇನೆ ನಾನು,
ಗದಗಿನ ಫ್ರಿಜ್ ರಿಪೇರಿಯ ದಸ್ತಗೀರ,
ಮೂರು ವಾರಕ್ಕೆ, ಎರವಲು ಕೋಟು ತೊಟ್ಟು.

ಕಾಲುವೆಯ ಮೇಲೆ ಕೆನೆಯಷ್ಟು ತೆಳ್ಳಗೆ ಐಸು.
ಬಾತುಕೋಳಿಯೊಂದು ಅದರ ಮೇಲೆ ಕಾಲಿಟ್ಟಿತು,
ಮುರಿಯಿತು, ಈಜಿಕೊಂಡು ಹೋಯಿತು.

ವರ್ಕ್‌ಶಾಪಿನಲ್ಲಿ ಗ್ಲೆನಿಸ್ ಹಾರ್ಟ್‌ಶಾರ್ನ್,
ಅರವತ್ತು ದಾಟಿದ ಹೆಂಗಸು, ಕಿವಿಯ ಮೇಲೆ ಪೆನ್ಸಿಲ್ಲು,
ಅಕ್ಕಸಾಲಿಗನ ಹಾಗೆ ತಕ್ಕಡಿಗೆ ಬಗ್ಗಿ ತೂಗುತ್ತಾಳೆ:
ಪ್ರೊಪೇನು, ಅರವತ್ತೆರಡು ಗ್ರಾಂ.
ಒಂದು ಕೋಳಿಮೊಟ್ಟೆಯ ಭಾರ.
ಇಷ್ಟರಲ್ಲೇ ಒಂದು ಕಪಾಟು ಸೋಡಾ ತಣ್ಣಗಾಗುತ್ತದಂತೆ,
ಮುಗಿಲಿಗೆ ಹೆಚ್ಚೇನೂ ನೋವಾಗುವುದಿಲ್ಲವಂತೆ.
"ಒಲೆಯ ಗ್ಯಾಸಿನ ಪೈಕಿಯೇ ಇದು," ಅಂದಳು, "ಆದರೆ ವಾಸನೆ ಬೆರೆಸಿಲ್ಲ.
ಮೂಗನ್ನು ನಂಬಬೇಡ. ಸಾಬೂನು ನಂಬು."

ತುಂಬುವ ಮೊದಲು ಬೆಸುಗೆಗೆಲ್ಲ ನೊರೆ ಹಚ್ಚಿ
ಉಸಿರು ಬಿಗಿಹಿಡಿದು ಕಾಯುತ್ತೇವೆ,
ಏಳು ದೇಶದ ಗಂಡು ಹೆಣ್ಣು.
ಗುಳ್ಳೆ ಎದ್ದರೆ ಸೋತೆ.
ನನ್ನದರಲ್ಲಿ ಎದ್ದಿತು,
ಹಸುಗೂಸಿನ ತುಟಿಯ ಮೇಲಿನಂಥದು, ಒಂದೇ ಒಂದು.

ಇಪ್ಪತ್ತಾರು ವರ್ಷ ನಾನು ಗುಳ್ಳೆಗೆ ಕಾದವನಲ್ಲ.
ಹಳೇ ಗ್ಯಾಸು ಖಾಲಿಯಾಗಬೇಕೆ? ನಟ್ಟು ಸಡಿಲಿಸು,
ಉಸ್ಸ್ ಅಂತ ಮೇಲಕ್ಕೆ ಹೋಗುತ್ತದೆ, ಹೋಗಲಿ,
ಅಷ್ಟರಲ್ಲಿ ಅರ್ಧ ಕಪ್ಪು ಚಹಾ.
ಬಿಸ್ಮಿಲ್ಲಾದ ಬೆನ್ನಿಗೇ ಬರುತ್ತಿದ್ದ ಸಪ್ಪಳ ಅದು,
ಕೆಲಸ ಶುರುವಾಯಿತು ಅನ್ನುವ ಸಪ್ಪಳ.
ಅಂಥ ಒಂದು ಕಿಲೋಗೆ ಇಲ್ಲಿ ಬೋರ್ಡಿನ ಮೇಲೆ ಲೆಕ್ಕ ಬರೆದರು:
ಎರಡು ಸಾವಿರ ಕಿಲೋ ಹೊಗೆ, ಹತ್ತಿರ ಹತ್ತಿರ.
ಇಪ್ಪತ್ತಾರು ವರ್ಷವನ್ನು ಗುಣಿಸಹೋಗಿ
ಅರ್ಧಕ್ಕೇ ಪೆನ್ನಿನ ಟೋಪಿ ಮುಚ್ಚಿದೆ.

ಎರಡನೇ ಗುರುವಾರ. ಅಂಗಳದಲ್ಲಿ ಮುದಿ ಫ್ರಿಜ್ಜುಗಳ ಸಾಲು.
ಘಾನಾದ ತೆಮಾ ಬಂದರಿನವಳು ಎಫುವಾ ಕ್ವೇಸನ್
ಒಂದರ ಬೆನ್ನು ಸವರಿ ನಿಂತಳು:
"ಇದರ ಅಕ್ಕತಂಗಿಯರನ್ನು ನಾನು ಬಲ್ಲೆ.
ಕಂಟೇನರಿನಲ್ಲಿ ಬರುತ್ತಾರೆ, ಹಾಸಿಗೆ ಸೈಕಲ್ಲುಗಳ ನಡುವೆ,
ಬಾಗಿಲ ಮೇಲೆ ಇನ್ನೂ ನಿಮ್ಮ ಮಕ್ಕಳು ಹಚ್ಚಿದ ಡೈನೋಸಾರು.
ಕರೆಂಟು ಕುಡಿದೇ ಕುಡಿಯುತ್ತಾರೆ.
ನಿಮ್ಮ ಎಂಜಲು ತಟ್ಟೆ ತೊಳೆಯುವುದನ್ನು
ನಮಗೆ ಚೆನ್ನಾಗಿ ಕಲಿಸುತ್ತಿದ್ದೀರಿ."

ಗ್ಲೆನಿಸ್ ಕಿವಿಯ ಪೆನ್ಸಿಲ್ ತೆಗೆದಳು, ಮತ್ತೆ ಅಲ್ಲೇ ಇಟ್ಟಳು.
"ಎಂಬತ್ತೊಂಬತ್ತರಲ್ಲಿ," ಅಂದಳು, "ಬ್ಲಾಕ್ಸ್‌ವಿಚ್ಚಿನ ಮಾಂಸದಂಗಡಿ.
ಇಡೀ ಕೋಲ್ಡ್ ರೂಮಿನ ಗ್ಯಾಸು ಹಿತ್ತಲಲ್ಲಿ ಬಿಟ್ಟೆ.
ಒಂದು ಸಿಗರೇಟು ಮುಗಿಯುವಷ್ಟು ಹೊತ್ತು."

ಅರ್ಧ ಕಪ್ಪು ಚಹಾ. ಒಂದು ಸಿಗರೇಟು.
ನಾನು ಅವಳ ಕಡೆ ನೋಡಲಿಲ್ಲ.
ಎಫುವಾ ನೋಡಿದಳು. ಮಾಫಿಯೇನೂ ಕೊಡಲಿಲ್ಲ,
ಪೈಪಿನ ಇನ್ನೊಂದು ತುದಿ ಕೊಟ್ಟಳು.

ಸಂಜೆಯವರೆಗೂ ಎಳೆದೆವು ಆ ಮುದಿ ಹೊಟ್ಟೆಗಳಿಂದ.
ನೋಡುವುದಕ್ಕೆ ಏನೂ ಇಲ್ಲ. ಬಣ್ಣವಿಲ್ಲ, ಹೊಗೆಯಿಲ್ಲ,
ತಕ್ಕಡಿಯ ಮೇಲಿನ ಸಿಲಿಂಡರು ಮಾತ್ರ
ಬಸುರಿಯ ಹಾಗೆ ಭಾರವಾಗುತ್ತ ಹೋಯಿತು.
ಎರಡು ಕಿಲೋ ನಾನೂರು.
ಹಾರಿಹೋಗದ ಉಸಿರಿಗೂ ತೂಕ ಇರುತ್ತದೆಂದು
ಐವತ್ತರ ಹತ್ತಿರ ಬಂದು ಓದಿದೆ.

ರಾತ್ರಿ ರೂಮಿನ ಹೀಟರು ಟಿಕ್ಕೆನ್ನುವಾಗ
ಎಳೆಯುವ ಆ ಯಂತ್ರದ ಬೆಲೆ ರೂಪಾಯಿಗೆ ತಿರುಗಿಸಿದೆ:
ನನ್ನಂಗಡಿಯ ಒಂದಿಡೀ ಬೇಸಿಗೆ.
ಮೇ ತಿಂಗಳಲ್ಲಿ ಐಸ್‌ಕ್ರೀಮಿನ ಈರಣ್ಣ
ಕರಗುತ್ತಿರುವ ಮಾಲಿನ ಮೇಲೆ ಕೈಯಿಟ್ಟು ಕೇಳುತ್ತಾನೆ,
ಕೇಳದೆ ಬಿಡುವವನಲ್ಲ:
"ಗಾಳಿಗಿ ಹೋಗೂದನ್ನ ಹಿಡಿಯಾಕ
ನಾ ಯಾಕ ರೊಕ್ಕ ಕೊಡ್ಲಿ, ದಸ್ತಗೀರಣ್ಣ?"

ಉತ್ತರ ಹುಡುಕುತ್ತ ಕಿಟಕಿ ತೆರೆದೆ.
ಹಾಲು ಕಲ್ಲಾಗಿ ಬಾಟಲಿಯ ಮುಚ್ಚಳ ಮೇಲೆತ್ತಿತ್ತು.
ಒಳಗೆ ತಂದು ಹೀಟರಿನ ಮೇಲಿಟ್ಟು
ಕಾದೆ.